ಬರೆದವರಿಗೆ ಶಾಲು, ತಿದ್ದಿದವರಿಗೆ?

ನಮ್ಮ ಜನಕ್ಕೆ ಬರೆಯುವವರ ಮೇಲಿರುವ ಗೌರವ ಓದಿ ತಿದ್ದುವವರ ಮೇಲಿಲ್ಲ. ಮುಂಬಯಿ, ಪುಣೆ, ಹೈದರಾಬಾದು, ಯಾವ ಊರಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬೇಕಾದರೂ ಹೋಗಿ ನೋಡಿ. ಪುಸ್ತಕ ಬರೆದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದೇ ಪುಸ್ತಕದ ಕರಡನ್ನು ನಾಲ್ಕು ಸಲ ಓದಿ, ‘ಈ ಅಧ್ಯಾಯ ಬೇಡ, ಆ ಇಸವಿ ತಪ್ಪು’ ಎಂದು ಗುರುತು ಹಾಕಿ ಕೊಟ್ಟವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಇದು ಸಾಹಿತ್ಯಕ್ಕೆ ಮಾತ್ರ ಅಂಟಿದ ರೋಗ ಎಂದು ಯಾರಾದರೂ ತಿಳಿದಿದ್ದರೆ ಆ ಭ್ರಮೆ ಬೇಡ. ಊರು ಬಿಟ್ಟು ಬಂದ ನಮ್ಮಲ್ಲಿ ಬಹಳಷ್ಟು ಜನ ಹೊಟ್ಟೆಪಾಡಿಗೆ ಮಾಡುವ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ರೋಗವಿದೆ. ಸಾಹಿತ್ಯದಲ್ಲಿ ತಿದ್ದುವವರಿಲ್ಲದಿದ್ದರೆ ಒಂದು ಕೆಟ್ಟ ಪುಸ್ತಕ ಹುಟ್ಟುತ್ತದೆ, ಅಷ್ಟೆ, ಓದದೆ ಬಿಟ್ಟರಾಯಿತು. ಸಾಫ್ಟ್‌ವೇರಿನಲ್ಲಿ ಹಾಗೆ ಬಿಡಲು ಬರುವುದಿಲ್ಲ. ಅದರ ಮೇಲೆ ನಿಮ್ಮ ದುಡ್ಡು ಕೂತಿರುತ್ತದೆ.

ಈ ಮಾತಿಗೆ ನಾನು ಆರಿಸಿಕೊಂಡಿರುವ ಉದಾಹರಣೆ ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಡೇಟಾಬೇಸ್. ಬಳಸುವವರ ಬಾಯಲ್ಲಿ ಬರೀ ಪೋಸ್ಟ್‌ಗ್ರೆಸ್. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಸಂಶೋಧನೆ ಇದು. 1996ರಲ್ಲಿ ಈಗಿನ ಹೆಸರು ಬಂತು. ಇದಕ್ಕೆ ಒಡೆಯನಾದ ಕಂಪನಿ ಇಲ್ಲ. ಲೈಸೆನ್ಸಿಗೆ ಕಾಸು ಕೊಡಬೇಕಾಗಿಲ್ಲ. ಹತ್ತು ಲಕ್ಷ ಸಾಲುಗಳಿಗೂ ಮೀರಿದ ಇದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ಬದಲಾಯಿಸಬಹುದು. ಬೆಂಗಳೂರಿನ ಜೆರೋಧಾದಂತಹ ಷೇರು ವಹಿವಾಟಿನ ಕಂಪನಿ ಇದನ್ನು ಬಳಸುತ್ತದೆ. ನಿಮ್ಮ ಫೋನಿನಲ್ಲಿರುವ ಆ್ಯಪುಗಳಲ್ಲಿ ಒಂದೆರಡಾದರೂ ತಮ್ಮ ಲೆಕ್ಕವನ್ನು ಇದರಲ್ಲೇ ಇಟ್ಟಿರುವ ಸಾಧ್ಯತೆ ದೊಡ್ಡದು.

ಇಂಥದ್ದರ ಕೋಡಿನಲ್ಲಿ ಒಂದು ಸಾಲು ಬದಲಾಗಬೇಕಾದರೆ ಏನಾಗುತ್ತದೆ? ಬದಲಾವಣೆ ಬೇಕೆನ್ನುವವರು ಒಂದು ಪ್ಯಾಚ್ ಬರೆಯುತ್ತಾರೆ. ಪ್ಯಾಚ್ ಎಂದರೆ ಈಗಿರುವ ಕೋಡಿನಲ್ಲಿ ಯಾವ ಸಾಲು ಹೋಗಬೇಕು, ಅದರ ಜಾಗಕ್ಕೆ ಯಾವುದು ಬರಬೇಕು ಎಂಬ ಪಟ್ಟಿ. ಅದನ್ನು ಎಲ್ಲರ ಮುಂದೆ ಇಡುತ್ತಾರೆ. ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್, ಹೀಗೆ ವರ್ಷಕ್ಕೆ ಐದು ಸಲ ‘ಕಮಿಟ್‌ಫೆಸ್ಟ್’ ಎಂಬ ಸುಗ್ಗಿ ನಡೆಯುತ್ತದೆ. ಹೆಸರಿನಲ್ಲಿ ಹಬ್ಬ ಇದ್ದರೂ ಆ ತಿಂಗಳಿನಲ್ಲಿ ಮಾಡಬೇಕಾದ ಮುಖ್ಯ ಕೆಲಸ ಬರೆಯುವುದಲ್ಲ. ಬೇರೆಯವರು ಬರೆದದ್ದನ್ನು ಓದುವುದು. ಅಂತಿಮವಾಗಿ ಕೋಡನ್ನು ಒಳಗೆ ಸೇರಿಸುವ ಅಧಿಕಾರ ಇರುವ ಕಮಿಟರುಗಳು ಇಡೀ ಜಗತ್ತಿನಲ್ಲಿ ಸುಮಾರು ಮೂವತ್ತು ಜನ. ಅವರ ಕೈಗೆ ಹೋಗುವ ಮೊದಲು ಬೇರೆ ಯಾರಾದರೂ ಆ ಪ್ಯಾಚನ್ನು ಜಾಲಾಡಿರಬೇಕು.

ಹೇಗೆ ಜಾಲಾಡಬೇಕು ಎಂದು ಅವರೇ ಬರೆದಿಟ್ಟಿದ್ದಾರೆ. ಮೊದಲು, ಈ ಪ್ಯಾಚ್ ಇವತ್ತಿನ ಕೋಡಿಗೆ ಸರಿಯಾಗಿ ಕೂರುತ್ತದೆಯೇ? ಪರೀಕ್ಷೆಗಳನ್ನೂ ಕೈಪಿಡಿಯ ತಿದ್ದುಪಡಿಯನ್ನೂ ಜೊತೆಗೆ ಕೊಟ್ಟಿದ್ದಾರೆಯೇ? ಆಮೇಲೆ, ಇದು ನಮಗೆ ನಿಜವಾಗಿ ಬೇಕೇ? ಈಗಾಗಲೇ ಬೇರೆ ದಾರಿಯಲ್ಲಿ ಇದು ಆಗುತ್ತಿಲ್ಲವೇ? ಎಸ್‌ಕ್ಯೂಎಲ್ ಮಾನದಂಡ ಏನು ಹೇಳುತ್ತದೆ? ಹೇಳಿದಂತೆ ನಡೆಯುತ್ತದೆಯೇ? ಬರೆದವರು ಯೋಚಿಸದೆ ಬಿಟ್ಟ ಮೂಲೆ ಯಾವುದು? ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸ ಇದರಿಂದ ನಿಧಾನವಾಗುತ್ತದೆಯೇ? ಪಕ್ಕದ ಕೋಡಿನ ಶೈಲಿಗೆ ಹೊಂದುತ್ತದೆಯೇ, ಟಿಪ್ಪಣಿಗಳು ನಿಜ ಹೇಳುತ್ತವೆಯೇ? ಈ ಎಲ್ಲ ಹಂತ ಮುಗಿದ ಮೇಲೆ ಕೊನೆಗೊಂದು ಹಂತವಿದೆ. ಅದು ರಿವ್ಯೂವಿನ ರಿವ್ಯೂ. ಓದಿದವರು ಓದಬೇಕಾದದ್ದನ್ನೆಲ್ಲ ಓದಿದರೇ ಎಂದು ಮತ್ತೊಮ್ಮೆ ನೋಡುವುದು.

ಇದರ ಜೊತೆಗೆ ಒಂದು ಕಟ್ಟುಪಾಡು. ನೀವು ಒಂದು ಪ್ಯಾಚ್ ಕಳಿಸಿದರೆ, ಅಷ್ಟೇ ತೂಕದ ಇನ್ನೊಬ್ಬರ ಪ್ಯಾಚನ್ನು ನೀವು ಓದಿಕೊಡಬೇಕು. ಊರಿನಲ್ಲಿ ಮುಯ್ಯಾಳು ಎನ್ನುತ್ತಿದ್ದೆವಲ್ಲ, ಅದೇ. ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ ನನ್ನ ಗದ್ದೆಗೆ ನೀನು. ಈ ಒಂದು ನಿಯಮ ನಮ್ಮ ಕಾಲೇಜುಗಳಿಗೆ, ಕಂಪನಿಗಳಿಗೆ, ಸಾಹಿತ್ಯ ಪರಿಷತ್ತುಗಳಿಗೆ ಬಂದರೆ ಎಷ್ಟು ಬದಲಾಗಬಹುದು ಎಂದು ಯೋಚಿಸಿ.

ಇಷ್ಟೆಲ್ಲ ಮಾಡಿ ಸಿಗುವ ಫಲವೇನು? 2018ರ ಕಥೆ ಕೇಳಿ. ಎಸ್‌ಕ್ಯೂಎಲ್ ಮಾನದಂಡದಲ್ಲಿ 2003ರಿಂದ ಇರುವ ‘ಮರ್ಜ್’ ಎಂಬ ಆದೇಶ ಪೋಸ್ಟ್‌ಗ್ರೆಸ್‌ನಲ್ಲಿ ಇರಲಿಲ್ಲ. ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು, ಎರಡನ್ನೂ ಒಂದೇ ಏಟಿಗೆ ಮಾಡು ಎನ್ನುವ ಆದೇಶ ಅದು. ಬಳಕೆದಾರರು ವರ್ಷಗಟ್ಟಲೆ ಕೇಳುತ್ತಿದ್ದರು. ಆ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಅದು ಒಳಗೆ ಬಂತು. ತಂದವರು ಸೈಮನ್ ರಿಗ್ಸ್. ಸಾಮಾನ್ಯರಲ್ಲ, ಡೇಟಾಬೇಸನ್ನು ಹಿಂದಿನ ಯಾವುದೇ ಕ್ಷಣಕ್ಕೆ ಮರಳಿಸುವ ಸೌಲಭ್ಯವನ್ನು ಪೋಸ್ಟ್‌ಗ್ರೆಸ್‌ಗೆ ಕೊಟ್ಟ ಹಿರಿಯ ಕಮಿಟರ್. ಆದರೂ ಉಳಿದವರು ಓದಿದರು, ವಿನ್ಯಾಸ ಸರಿಯಿಲ್ಲ ಎಂದರು, ಬಿಡುಗಡೆಗೆ ಮುಂಚೆ ಸರಿಪಡಿಸಲು ಸಮಯವಿಲ್ಲ ಎಂದರು. ಅದೇ ತಿಂಗಳು ಇಡೀ ಕೋಡನ್ನು ಹಿಂತೆಗೆದರು. ಅದು ಮತ್ತೆ ಬಂದದ್ದು 2022ರಲ್ಲಿ, 15ನೇ ಆವೃತ್ತಿಯಲ್ಲಿ, ಹೊಸದಾಗಿ ಕಟ್ಟಿಕೊಂಡು, ಇನ್ನಷ್ಟು ಕೈಗಳು ಸೇರಿ. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಆಗಲೂ ರಿಗ್ಸ್ ಅವರದ್ದೇ.

ನಾಲ್ಕು ವರ್ಷ! ನಮ್ಮ ಯಾವ ಮ್ಯಾನೇಜರ್ ಇದನ್ನು ಸಹಿಸುತ್ತಿದ್ದ ಹೇಳಿ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಯಾವ ಕಿರಿಯ ‘ಸರ್, ನೀವು ಸೇರಿಸಿದ್ದನ್ನು ತೆಗೆಯಬೇಕು’ ಎಂದು ಎಲ್ಲರೆದುರು ಬರೆಯುತ್ತಿದ್ದ? ಬರೆದರೆ ಮುಂದಿನ ಅಪ್ರೈಸಲ್‌ನಲ್ಲಿ ಅವನ ಗತಿ ಏನಾಗುತ್ತಿತ್ತು? ಹಿರಿಯರು ಬರೆದದ್ದನ್ನು ಕಿರಿಯರು ತಿದ್ದಬಾರದು ಎಂಬ ಮರ್ಯಾದೆ ನಮ್ಮ ಮನೆಗಳಲ್ಲಿ ಚೆನ್ನಾಗಿರಬಹುದು. ಕೋಡಿನಲ್ಲಿ ಅದು ಹಾಳು ಮಾಡುತ್ತದೆ. ತಪ್ಪಿಗೆ ವಯಸ್ಸು, ಹುದ್ದೆ, ಊರು ಯಾವುದೂ ಗೊತ್ತಾಗುವುದಿಲ್ಲ.

ಓದಿದ ಮೇಲೂ ತಪ್ಪು ನುಸುಳುತ್ತದೆ. ಅದನ್ನು ಮುಚ್ಚಿಟ್ಟರೆ ನನ್ನ ವಾದ ಪ್ರಾಮಾಣಿಕವಾಗುವುದಿಲ್ಲ. 14ನೇ ಆವೃತ್ತಿ ಬಂದದ್ದು 2021ರ ಸೆಪ್ಟೆಂಬರ್ ಕೊನೆಗೆ. ಕೋಷ್ಟಕಕ್ಕೆ ಬೀಗ ಹಾಕದೆ, ವ್ಯವಹಾರ ನಿಲ್ಲಿಸದೆ ಹೊಸ ಇಂಡೆಕ್ಸ್ ಕಟ್ಟುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿ ಮೊದಲಿನಿಂದ ಇತ್ತು. ಹಾಗೆ ಕಟ್ಟುತ್ತಿರುವಾಗ ಹಳೆಯ ಸಾಲುಗಳ ಕಸ ಗುಡಿಸುವ ಕೆಲಸ ತಡೆಯಾಗದಿರಲಿ ಎಂದು ಆ ಆವೃತ್ತಿಯಲ್ಲಿ ಒಂದು ಸುಧಾರಣೆ ಮಾಡಿದರು. ಅನುಭವಿಗಳೇ ಬರೆದರು, ಅನುಭವಿಗಳೇ ಓದಿದರು. ಆದರೂ ಫಲ ಏನಾಯಿತೆಂದರೆ ಕೆಲವೊಮ್ಮೆ ಹೊಸ ಇಂಡೆಕ್ಸಿನಲ್ಲಿ ಕೆಲವು ಸಾಲುಗಳೇ ಬಿಟ್ಟುಹೋಗುತ್ತಿದ್ದವು. ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕ ಇದೆ, ಕಾರ್ಡಿನ ಡಬ್ಬಿಯಲ್ಲಿ ಅದರ ಕಾರ್ಡ್ ಇಲ್ಲ. ಕೇಳಿದವರಿಗೆ ‘ಇಲ್ಲ’ ಎಂಬ ಉತ್ತರ. ಡೇಟಾಬೇಸ್ ಹೇಳಬಹುದಾದ ಸುಳ್ಳುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಕಡಿಮೆ. 2022ರ ಜೂನ್ 16ರಂದು, ವೇಳಾಪಟ್ಟಿಗೆ ಕಾಯದೆ, 14.4 ಎಂಬ ತುರ್ತು ಬಿಡುಗಡೆ ಮಾಡಿದರು. ತಿದ್ದುಪಡಿ ಏನು? ಆ ಸುಧಾರಣೆಯನ್ನೇ ಕಿತ್ತುಹಾಕಿದ್ದು. ಜೊತೆಗೆ, ಯಾವ ಇಂಡೆಕ್ಸುಗಳು ಕೆಟ್ಟಿರಬಹುದು, ಹೇಗೆ ಪರೀಕ್ಷಿಸಬೇಕು, ಹೇಗೆ ಮತ್ತೆ ಕಟ್ಟಬೇಕು ಎಂದು ಜಗತ್ತಿಗೆಲ್ಲ ಬಿಡಿಸಿ ಹೇಳಿದರು.

ಇದನ್ನು ಕೇಳಿ ‘ನೋಡಿದಿರಾ, ಓದಿದರೂ ಅಷ್ಟೆ’ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ: ಇಷ್ಟು ಜನ ಇಷ್ಟು ಕಟ್ಟುನಿಟ್ಟಾಗಿ ಓದುವ ಕಡೆಯೇ ಒಂದು ತಪ್ಪು ಎಂಟು ತಿಂಗಳು ಬದುಕಬಹುದಾದರೆ, ಯಾರೂ ಓದದ ಕಡೆ ಎಷ್ಟು ತಪ್ಪುಗಳು ಎಷ್ಟು ವರ್ಷಗಳಿಂದ ಸುಖವಾಗಿ ಬದುಕುತ್ತಿರಬೇಡ?

ಇನ್ನೊಂದು ನಿದರ್ಶನ. ಡೇಟಾಬೇಸ್ ‘ಬರೆದಿಟ್ಟೆ’ ಎಂದು ಹೇಳಬೇಕಾದರೆ ಅಕ್ಷರಗಳು ಡಿಸ್ಕಿಗೆ ನಿಜವಾಗಿ ಇಳಿದಿವೆಯೇ ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತದೆ. ಆ ಪ್ರಶ್ನೆಗೆ ಎಫ್‌ಸಿಂಕ್ ಎಂದು ಹೆಸರು. ಉತ್ತರ ‘ಆಗಲಿಲ್ಲ’ ಎಂದು ಬಂದರೆ ಪೋಸ್ಟ್‌ಗ್ರೆಸ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿತ್ತು. ಎರಡನೇ ಸಲ ‘ಆಯಿತು’ ಎಂದರೆ ನಂಬುತ್ತಿತ್ತು. 2018ರಲ್ಲಿ ಬೆಳಕಿಗೆ ಬಂದ ಸತ್ಯ ಏನೆಂದರೆ ಲಿನಕ್ಸ್ ಆ ತಪ್ಪನ್ನು ಒಂದು ಸಲ ಹೇಳಿ, ಆಮೇಲೆ ಬರೆಯದ ಪುಟಗಳನ್ನೂ ಬರೆದವು ಎಂದೇ ಗುರುತು ಹಾಕಿಕೊಳ್ಳುತ್ತಿತ್ತು. ಎರಡನೇ ‘ಆಯಿತು’ ಸುಳ್ಳಾಗಿರಬಹುದಿತ್ತು. ಇಪ್ಪತ್ತು ವರ್ಷ ಎಲ್ಲರೂ ಸರಿ ಎಂದುಕೊಂಡಿದ್ದ ನಂಬಿಕೆ ಅದು. 2019ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯ ತಿರುಳನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಎಫ್‌ಸಿಂಕ್ ಸೋತರೆ ಮತ್ತೆ ಕೇಳಬೇಡ, ಕೂಡಲೇ ನಿಂತುಬಿಡು, ಲಾಗ್ ನೋಡಿಕೊಂಡು ಮೊದಲಿನಿಂದ ಚೇತರಿಸಿಕೋ. ಈ ಒಂದು ವಾಕ್ಯಕ್ಕೆ ಬರಲು ತಿಂಗಳುಗಟ್ಟಲೆ ಓದು, ಜಗಳ, ಕರ್ನಲ್ ಬರೆಯುವವರೊಡನೆ ಮಾತುಕತೆ ಬೇಕಾಯಿತು. ದಿನಕ್ಕೆ ಎಷ್ಟು ಸಾಲು ಬರೆದೆ ಎಂದು ಅಳೆಯುವ ಮೇಲಧಿಕಾರಿಯ ಕಣ್ಣಿಗೆ ಈ ಕೆಲಸ ಕಾಣಿಸುವುದೇ ಇಲ್ಲ.

ಓದುವ ಅಭ್ಯಾಸ ಬೆಳೆಸಿಕೊಂಡವರು ತಮ್ಮ ಮನೆಯಷ್ಟೇ ಕಾಯುವುದಿಲ್ಲ, ಬೀದಿಯನ್ನೂ ಕಾಯುತ್ತಾರೆ. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಕಮಿಟರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಕೆಲಸಕ್ಕಾಗಿ ವೇಗದ ಅಳತೆ ಮಾಡುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿದ್ದನ್ನು ಗಮನಿಸಿದರು. ಇರಲಿ ಬಿಡು ಎನ್ನಲಿಲ್ಲ. ಬೆನ್ನು ಹತ್ತಿದರು. ಎಕ್ಸ್‌ಜಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಕೊರೆದಿಟ್ಟಿದ್ದರು. ಕೊರೆದವನು ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ಯಾಚ್ ಕಳಿಸಿ, ನಂಬಿಕೆ ಗಳಿಸಿ, ಕೊನೆಗೆ ಆ ಯೋಜನೆಯನ್ನು ನಡೆಸುವವರಲ್ಲಿ ಒಬ್ಬನಾಗಿದ್ದ. ಅದು ಹೇಗೆ ಸಾಧ್ಯವಾಯಿತು? ಅಲ್ಲಿ ಮುಖ್ಯವಾಗಿ ನೋಡಿಕೊಳ್ಳುತ್ತಿದ್ದವರು ಒಬ್ಬರೇ. ದಣಿದಿದ್ದರು. ‘ಬೇಗ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಡಿ’ ಎಂದು ಪೀಡಿಸುವವರಿದ್ದರು. ಓದಿ ನೆರವಾಗುವವರು ಇರಲಿಲ್ಲ. ಹೊಸ ಕೋಡನ್ನು ಒಳಗೆ ಬಿಟ್ಟರೆ ಓದಲು ಎರಡನೇ ಕಣ್ಣೇ ಇಲ್ಲ. ‘ತೆರೆದ ಕೋಡು, ಸಾವಿರ ಕಣ್ಣು, ತಪ್ಪು ಅಡಗಲಾರದು’ ಎಂದು ಸಭೆಗಳಲ್ಲಿ ಭಾಷಣ ಮಾಡುವವರು ಈ ಕಥೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ತೆರೆದಿಟ್ಟ ಮಾತ್ರಕ್ಕೆ ಯಾರೂ ಓದುವುದಿಲ್ಲ. ಓದುವುದು ಕೆಲಸ. ಆ ಕೆಲಸಕ್ಕೆ ಆಳು ಬೇಕು.

ಈಗ ನಮ್ಮ ಕಡೆಗೆ ಬರೋಣ. ಈ ಲೋಕಕ್ಕೆ ನಾವು ಕಳಿಸುತ್ತಿರುವುದೇನು? ಅಕ್ಟೋಬರಿನಲ್ಲಿ ಹ್ಯಾಕ್‌ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ ನಡೆಯುತ್ತದೆ; ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಕಂಡಕಂಡ ಯೋಜನೆಗಳ ಮೇಲೆ ಅರ್ಥವಿಲ್ಲದ ತಿದ್ದುಪಡಿಗಳ ಮಳೆ ಸುರಿಯಿತು. ಪರಿಚಯದ ಪುಟದಲ್ಲಿ ‘ಅಮೇಜಿಂಗ್’ ಎಂಬ ಒಂದು ಪದ ಸೇರಿಸಿದ್ದೇ ಕೊಡುಗೆ! ನಮ್ಮದೇ ದೇಶದ ಜನಪ್ರಿಯ ಯೂಟ್ಯೂಬ್ ಪಾಠವೊಂದು ಅದಕ್ಕೆ ದಾರಿ ತೋರಿಸಿತ್ತು. ಮೂರನೇ ದಿನಕ್ಕೇ ಸಂಘಟಕರು ನಿಯಮ ಬದಲಿಸಿ, ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಕಳಿಸಿ ಎನ್ನಬೇಕಾಯಿತು. 2024ರ ಮೊದಲ ತಿಂಗಳುಗಳಲ್ಲಿ ಎಕ್ಸ್‌ಪ್ರೆಸ್ ಎಂಬ ಯೋಜನೆಗೂ ಇದೇ ಗತಿ: ಪರಿಚಯದ ಪುಟದಲ್ಲಿ ತಮ್ಮ ಹೆಸರು ಬರೆದು ಕಳಿಸುವವರ ಸಾಲು. ಆ ಹುಡುಗರನ್ನು ನಾನು ಬೈಯುವುದಿಲ್ಲ. ‘ಎಷ್ಟು ಕಳಿಸಿದ್ದೀಯ’ ಎಂದು ಪ್ಲೇಸ್‌ಮೆಂಟಿನಲ್ಲಿ ಕೇಳಿದವರು ಹಿರಿಯರು. ‘ಯಾರದ್ದನ್ನು ಓದಿದ್ದೀಯ, ಏನು ಹುಡುಕಿದ್ದೀಯ’ ಎಂದು ಒಬ್ಬರೂ ಕೇಳಲಿಲ್ಲ.

ಕಂಪನಿಗಳೂ ಅಷ್ಟೆ. ನಾನು ಹಿಂದೆ ಕೆಲಸ ಮಾಡಿದ ಪುಣೆಯ ಒಂದು ಕಡೆ ವಾರವಾರ ಟೈಮ್‌ಶೀಟ್ ತುಂಬಬೇಕಿತ್ತು. ಡೆವಲಪ್‌ಮೆಂಟಿಗೆ ಒಂದು ಕೋಡ್, ಟೆಸ್ಟಿಂಗಿಗೆ ಒಂದು, ಮೀಟಿಂಗಿಗೂ ಒಂದು. ರಿವ್ಯೂಗೆ ಇರಲಿಲ್ಲ. ನಮ್ಮ ತಂಡದಲ್ಲಿ ಎಲ್ಲರ ಕೋಡನ್ನೂ ಗಂಭೀರವಾಗಿ ಓದುತ್ತಿದ್ದವರು ಒಬ್ಬರೇ, ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು. ಮಿಕ್ಕವರು ಎರಡು ನಿಮಿಷದಲ್ಲಿ ‘ಎಲ್‌ಜಿಟಿಎಂ’ ಎಂದು ಒತ್ತಿ ಊಟಕ್ಕೆ ಹೋದರೆ ಅವರು ಸಂಜೆವರೆಗೆ ಕೂತು ಹದಿನಾಲ್ಕು ಪ್ರಶ್ನೆ ಬರೆಯುತ್ತಿದ್ದರು. ವರ್ಷದ ಕೊನೆಗೆ ಅವರಿಗೆ ಸಿಕ್ಕಿದ್ದು ‘ಔಟ್‌ಪುಟ್ ಕಡಿಮೆ’ ಎಂಬ ಷರಾ. ಮರುವರ್ಷ ಅವರು ಕೆಲಸ ಬಿಟ್ಟರು. ಆಮೇಲೆ ರಾತ್ರಿ ಎರಡು ಗಂಟೆಗೆ ಫೋನ್ ಬರುವುದು ಹೆಚ್ಚಾಯಿತು. ಎರಡಕ್ಕೂ ಸಂಬಂಧವಿದೆ ಎಂದು ಮೀಟಿಂಗಿನಲ್ಲಿ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಸಂಬಂಧ ಕಂಡುಹಿಡಿಯುತ್ತಿದ್ದವರೇ ಹೋಗಿದ್ದರು.

ಪೋಸ್ಟ್‌ಗ್ರೆಸ್ ಕೂಡ ಈ ವಿಷಯದಲ್ಲಿ ಸ್ವರ್ಗವಲ್ಲ. ಅಲ್ಲಿ ಪ್ರತಿ ಕಮಿಟ್‌ನ ಜೊತೆ ಬರೆದವರ ಹೆಸರಿನ ಕೆಳಗೆ ಓದಿದವರ ಹೆಸರನ್ನೂ ದಾಖಲಿಸುತ್ತಾರೆ. ಅದು ದೊಡ್ಡ ಮಾತು. ಆದರೆ ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಪ್ರತಿ ಹೊಸ ಸೌಲಭ್ಯದ ಎದುರು ಕಾಣುವುದು ಬರೆದವರ ಹೆಸರು ಮಾತ್ರ. ಓದಿದವರು ಕೊನೆಯಲ್ಲಿ, ಅಕಾರಾದಿಯ ಉದ್ದನೆಯ ಪಟ್ಟಿಯಲ್ಲಿ, ಎಲ್ಲರೊಡನೆ ಸೇರಿಹೋಗುತ್ತಾರೆ. ಶಾಲು ಅಲ್ಲೂ ಬರೆದವರಿಗೇ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಒಂದು, ಇಷ್ಟೊಂದು ಓದು ಕೆಲಸವನ್ನು ಕೊಲ್ಲುತ್ತದೆ. ಹೊಸಬರು ಬೇಸತ್ತು ಹೋಗುತ್ತಾರೆ. ಇದರಲ್ಲಿ ನಿಜವಿದೆ. ಪ್ಯಾಚುಗಳು ಒಂದು ಕಮಿಟ್‌ಫೆಸ್ಟ್‌ನಿಂದ ಇನ್ನೊಂದಕ್ಕೆ ದೂಡಿಸಿಕೊಂಡು ವರ್ಷಗಟ್ಟಲೆ ಕೊಳೆಯುವುದುಂಟು. ಮಾತು ಕಟುವಾಗುವುದೂ ಉಂಟು. ಆದರೆ ಸರದಿ ಉದ್ದವಾಗಿರುವುದು ಓದು ಹೆಚ್ಚಾದ್ದರಿಂದಲ್ಲ, ಓದುವವರು ಕಡಿಮೆಯಾದ್ದರಿಂದ. ರೇಷನ್ ಅಂಗಡಿಯ ಕ್ಯೂ ಉದ್ದವಾದರೆ ತೂಕ ಮಾಡುವುದನ್ನು ನಿಲ್ಲಿಸಿ ಎನ್ನುತ್ತೇವೆಯೇ? ಇನ್ನೊಂದು ತಕ್ಕಡಿ ತನ್ನಿ ಎನ್ನುತ್ತೇವೆ.

ಎರಡನೆಯದು ಹೊಸ ಆಕ್ಷೇಪ: ಇನ್ನು ಮುಂದೆ ಎಐ ಬರೆಯುತ್ತದೆ, ಎಐ ಓದುತ್ತದೆ, ನಿಮಗೇಕೆ ಚಿಂತೆ? ಯಂತ್ರ ಕೆಲವು ತಪ್ಪುಗಳನ್ನು ನಮಗಿಂತ ಚುರುಕಾಗಿ ಹಿಡಿಯುತ್ತದೆ, ಒಪ್ಪಿದೆ. ಆದರೆ ಬರೆಯುವ ಖರ್ಚು ಸೊನ್ನೆಗೆ ಇಳಿದರೆ ಓದಬೇಕಾದದ್ದು ಬೆಟ್ಟವಾಗುತ್ತದೆ. ಪೋಸ್ಟ್‌ಗ್ರೆಸ್ ಪ್ರತಿ ದೊಡ್ಡ ಆವೃತ್ತಿಯನ್ನು ಐದು ವರ್ಷ ಸಾಕುತ್ತದೆ. ನಾಲ್ಕನೇ ವರ್ಷ ಯಾವುದೋ ಆಸ್ಪತ್ರೆಯ ದಾಖಲೆಯಲ್ಲಿ ಒಂದು ಸಾಲು ಕಾಣೆಯಾದಾಗ ‘ಇದನ್ನು ಹೀಗೇಕೆ ಬರೆದಿರಿ’ ಎಂದು ಯಾರನ್ನು ಕೇಳುವುದು? ಓದುವುದು ಎಂದರೆ ತಪ್ಪು ಹುಡುಕುವುದಷ್ಟೇ ಅಲ್ಲ. ಈ ಕೋಡಿಗೆ ಇನ್ನು ಮುಂದೆ ನಾನೂ ಹೊಣೆ ಎಂದು ಒಪ್ಪಿಕೊಳ್ಳುವುದು.

ಇದೆಲ್ಲ ಪರದೇಶದ ಶಿಸ್ತು, ನಮಗೆ ಒಗ್ಗುವುದಿಲ್ಲ ಎನ್ನುವವರಿಗೆ ಎರಡು ಮಾತು ನೆನಪಿಸುತ್ತೇನೆ. ಪೋಸ್ಟ್‌ಗ್ರೆಸ್ ಕಮಿಟರುಗಳಲ್ಲಿ ಅಮಿತ್ ಕಪಿಲ ಅವರಂತಹ ಭಾರತೀಯರೂ ಇದ್ದಾರೆ; ಬೆಂಗಳೂರಿನಲ್ಲಿ ಪೋಸ್ಟ್‌ಗ್ರೆಸ್ ಸಮ್ಮೇಳನಗಳು ನಡೆಯುತ್ತಿವೆ. ಹಾಗೆಯೇ, ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’, ಕಥೆಯಲ್ಲ, ಪುರಾಣವಲ್ಲ. ಅದರ ಮೊದಲ ಪರಿಚ್ಛೇದವೇ ಕಾವ್ಯದಲ್ಲಿ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರ. ಅಂದರೆ ನಮ್ಮ ಭಾಷೆಯ ಗ್ರಂಥ ಪರಂಪರೆ ನಮಗೆ ಶುರುವಾಗುವುದೇ ಒಂದು ರಿವ್ಯೂ ಕೈಪಿಡಿಯಿಂದ. ಅಂಥವರ ಮಕ್ಕಳು ನಾವು ಇವತ್ತು ಮುನ್ನುಡಿ ಬೆನ್ನುಡಿಗಳಲ್ಲಿ ಪರಸ್ಪರ ಬೆನ್ನು ತಟ್ಟಿಕೊಳ್ಳುತ್ತ, ಕೆಲಸದ ಕಡೆ ‘ಎಲ್‌ಜಿಟಿಎಂ’ ಒತ್ತುತ್ತ ಕಾಲ ಕಳೆಯುತ್ತಿದ್ದೇವೆ.

ಹಾಗಾದರೆ ಮಾಡಬೇಕಾದ್ದೇನು? ಮ್ಯಾನೇಜರ್ ಆಗಿರುವವರು ಟೈಮ್‌ಶೀಟಿನಲ್ಲಿ ರಿವ್ಯೂಗೆ ಒಂದು ಕಾಲಂ ಇಡಿ, ಬಡ್ತಿಯ ಪತ್ರದಲ್ಲಿ ಅದನ್ನು ಲೆಕ್ಕಕ್ಕೆ ತಗೊಳ್ಳಿ. ಸಂದರ್ಶನ ಮಾಡುವವರು ಹುಡುಗರ ಕೈಗೆ ಬೇರೆಯವರ ಕೋಡ್ ಕೊಟ್ಟು ‘ಇದರಲ್ಲಿ ನಿನಗೆ ಅನುಮಾನ ಎಲ್ಲಿ’ ಎಂದು ಕೇಳಿ. ಪಾಠ ಹೇಳುವವರು ಮೊದಲ ವರ್ಷ ತಿದ್ದುಪಡಿ ಕಳಿಸಲು ಹೇಳಬೇಡಿ; ಒಂದು ಪ್ಯಾಚ್ ಓದಿ ನಾಲ್ಕು ಪುಟ ವರದಿ ಬರೆಯಲು ಹೇಳಿ. ಪೋಸ್ಟ್‌ಗ್ರೆಸ್ ಬಳಸಿ ಕೋಟಿ ಗಳಿಸುವ ಕಂಪನಿಗಳು ತಮ್ಮ ಒಬ್ಬ ಇಂಜಿನಿಯರಿಗೆ ವಾರದಲ್ಲಿ ಒಂದು ದಿನ ಆ ಕೋಡ್ ಓದಲು ಸಂಬಳ ಕೊಡಲಿ. ದಾನವೆಂದು ಬೇಡ, ಬಾಡಿಗೆಯೆಂದು ಕೊಡಲಿ.

ಇನ್ನು ಉಳಿದವರು ನಾವು. ಪ್ಯಾಚ್ ಓದಲು ಸಿ ಭಾಷೆಯಲ್ಲಿ ಪಂಡಿತರಾಗಬೇಕಿಲ್ಲ. ಪ್ಯಾಚ್ ಹಾಕಿ, ಕಟ್ಟಿ, ನಡೆಸಿ ನೋಡಬಹುದು. ಕೈಪಿಡಿಯಲ್ಲಿ ಬರೆದದ್ದು ಅರ್ಥವಾಗುತ್ತದೆಯೇ ಎಂದು ಹೇಳಬಹುದು. ನಿಮ್ಮ ಆಫೀಸಿನ ವಿಚಿತ್ರ ಡೇಟಾ ಮೇಲೆ ಪ್ರಯೋಗಿಸಿ ಎಲ್ಲಿ ಮುರಿಯುತ್ತದೆ ಎಂದು ತೋರಿಸಬಹುದು. ಪ್ರತಿ ಕಮಿಟ್‌ಫೆಸ್ಟ್ ಶುರುವಾದಾಗಲೂ ‘ರಿವ್ಯೂ ಬೇಕಾಗಿದೆ’ ಎಂಬ ಗುರುತಿನ ಅಡಿಯಲ್ಲಿ ಪ್ಯಾಚುಗಳ ದೊಡ್ಡ ಸಾಲೇ ಕಾದಿರುತ್ತದೆ. ಪಟ್ಟಿ ಎಲ್ಲರಿಗೂ ತೆರೆದಿದೆ. ಮುಂದಿನ ಸಲ ನಿಮ್ಮದೊಂದನ್ನು ಅದಕ್ಕೆ ಸೇರಿಸುವ ಮೊದಲು ಅದರಿಂದ ಒಂದನ್ನು ಎತ್ತಿಕೊಳ್ಳಿ, ಕೊನೆಯ ಸಾಲಿನವರೆಗೆ ಓದಿ, ಕಂಡದ್ದನ್ನು ಹೆಸರು ಹಾಕಿ ಬರೆಯಿರಿ.